ಸಪೂರದವರಿಗೆ ಕಾದಿರುವ ಕೋಣೆ

ಕಾಲೇಜಿನ ಜಿಮ್ಮಿಗೆ ಸೇರಬೇಕೆಂದು ಹೊರಟ ಎಷ್ಟೋ ಮಂದಿ ಬಾಗಿಲಿನವರೆಗೆ ಹೋಗಿ ವಾಪಸು ಬರುತ್ತಾರೆ. ಒಳಗೆ ಪ್ಲೇಟು ನೆಲಕ್ಕೆ ಬೀಳುವ ಸದ್ದು, ಮೊಬೈಲಿನಲ್ಲಿ ಜೋರಾಗಿ ಹಾಕಿದ ಹಾಡು, ತೋಳಿಲ್ಲದ ಬನಿಯನ್ನಿನ ಅಂತಿಮ ವರ್ಷದ ಸೀನಿಯರ್‌ಗಳು. ಹೊರಗೆ ನಿಂತವನ ತೋಳು ಅಂಗಿಯ ಕೈಯೊಳಗೆ ಎಲ್ಲಿದೆ ಎಂದು ಹುಡುಕಬೇಕು. ‘ಸ್ವಲ್ಪ ಮೈ ಬಂದ ಮೇಲೆ ಬರುವ’ ಎಂದುಕೊಂಡು ಅವನು ಕ್ಯಾಂಟೀನಿನ ಕಡೆ ತಿರುಗುತ್ತಾನೆ. ಮೈ ಬರಲೆಂದೇ ಇಟ್ಟ ಕೋಣೆಗೆ ಮೈ ಬಂದ ಮೇಲೆ ಹೋಗುವ ಲೆಕ್ಕ ಅವನದು. ಆ ಕೋಣೆಯ ಯಜಮಾನರಾದ ಪಿ.ಡಿ. ಸರ್‌, ಅಂದರೆ ದೈಹಿಕ ಶಿಕ್ಷಣ ನಿರ್ದೇಶಕರು, ಹುಡುಕುತ್ತಿರುವುದು ಅವನಂಥ ಸಪೂರದವರನ್ನೇ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಯಾಕೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಒಳಗೆ ಹೋಗುವ.

ನಾನು ಹೇಳುತ್ತಿರುವುದು ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮಾತು. ಮೂರೂ ಅಡಿಕೆ, ರಬ್ಬರ್ ತೋಟಗಳ ನಡುವೆ ಕಾಲೇಜುಗಳು ಎದ್ದುನಿಂತ ಸೀಮೆ. ಪುತ್ತೂರಿನ ದರ್ಬೆಯಲ್ಲಿ ಮೊನ್ಸಿಂಜೊರ್ ಆಂಟನಿ ಪತ್ರಾವೊ ಅವರು 1958ರಲ್ಲಿ ಸಂತ ಫಿಲೋಮಿನಾ ಕಾಲೇಜು ತೆರೆದರು. 1965ರಲ್ಲಿ ನೆಹರೂನಗರದ ವಿವೇಕಾನಂದ ಕಾಲೇಜು ಬಂತು. ಸುಳ್ಯದಲ್ಲಿ ಕುರುಂಜಿ ವೆಂಕಟ್ರಮಣ ಗೌಡರು 1976ರಲ್ಲಿ ನೆಹರೂ ಮೆಮೋರಿಯಲ್ ಕಾಲೇಜನ್ನೂ 1986ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ಕಟ್ಟಿ, ಬಸ್ಸು ಸಿಗುವುದೇ ಕಷ್ಟವಿದ್ದ ಪೇಟೆಯನ್ನು ವಿದ್ಯಾರ್ಥಿಗಳ ಊರು ಮಾಡಿದರು. ಈಚೆಗೆ ತಾಲೂಕಾದ ಕಡಬದ ಪಾಲಿಗೆ ಸುಬ್ರಹ್ಮಣ್ಯದ ಕೆ.ಎಸ್.ಎಸ್. ಕಾಲೇಜೂ ರಾಮಕುಂಜದ ವಿದ್ಯಾಸಂಸ್ಥೆಗಳೂ ಬಂದವು. ಇಂಥ ಕಾಲೇಜುಗಳಲ್ಲಿ ಮೊದಲು ಮೈದಾನ, ಆಮೇಲೆ ವಾಲಿಬಾಲ್ ಕಂಬ, ಕಬಡ್ಡಿ ಅಂಕಣ. ಜಿಮ್ಮು ಬಂದದ್ದು ಕೊನೆಗೆ. ನಮ್ಮ ಕಾಲೇಜುಗಳಿಗೆ ಕ್ರೀಡಾ ಸೌಕರ್ಯಕ್ಕೆಂದು ಯುಜಿಸಿ ಕೊಟ್ಟ ಯೋಜನೆ ದುಡ್ಡಿನಲ್ಲಿ ಬಂದ ‘ಮಲ್ಟಿ ಜಿಮ್’ ಎಂಬ ನಾಲ್ಕೂ ದಿಕ್ಕಿಗೆ ಕೈಚಾಚಿದ ಯಂತ್ರ ಎಷ್ಟೋ ಕಡೆ ಇಂದಿಗೂ ಕೋಣೆಯ ನಟ್ಟನಡುವೆ ನಿಂತಿದೆ.

ಹೊಸಬರು ಮೊದಲು ಕೈಯಿಡುವುದೂ ಅದಕ್ಕೇ. ಒಂದರ ಮೇಲೊಂದು ಪೇರಿಸಿದ ಕಬ್ಬಿಣದ ಹಲಗೆಗಳು, ಬೇಕಾದ ತೂಕಕ್ಕೆ ಸಿಕ್ಕಿಸುವ ಪಿನ್ನು, ರಾಟೆಯ ಮೇಲೆ ಓಡುವ ಕೇಬಲ್ಲು. ಎಳೆದರೆ ತೂಕ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ದಾರಿ ಮೊದಲೇ ಗೊತ್ತುಮಾಡಿದ್ದರಿಂದ ತಪ್ಪುವ ಹೆದರಿಕೆಯಿಲ್ಲ. ಆದರೆ ತೂಕದ ಸಮತೋಲ ಕಾಯುವ ಕೆಲಸವನ್ನು ಯಂತ್ರವೇ ಮಾಡಿಬಿಡುತ್ತದೆ, ನಮ್ಮ ಸ್ನಾಯುಗಳಿಗೆ ಆ ಪಾಠ ಸಿಗುವುದಿಲ್ಲ. ಅದಕ್ಕೇ ಒಳ್ಳೆಯ ತರಬೇತುದಾರರು ಹೊಸಬರನ್ನು ಯಂತ್ರದ ಹತ್ತಿರ ಬಹಳ ದಿನ ಬಿಡುವುದಿಲ್ಲ. ಮೂಲೆಯಲ್ಲಿ ಒರಗಿಸಿಟ್ಟ ರಾಡಿನ ಹತ್ತಿರ ಕರೆದುಕೊಂಡು ಹೋಗುತ್ತಾರೆ.

ಈ ರಾಡಿನ ಬಗ್ಗೆ ಸ್ವಲ್ಪ ಹೇಳಬೇಕು. ಸ್ಪರ್ಧೆಯ ಅಳತೆಯ ಪುರುಷರ ರಾಡು 2.2 ಮೀಟರ್ ಉದ್ದ, 28 ಮಿಲಿಮೀಟರ್ ದಪ್ಪ, ಪ್ಲೇಟಿಲ್ಲದೆ 20 ಕೆ.ಜಿ. ಮಹಿಳೆಯರದು ಸ್ವಲ್ಪ ಗಿಡ್ಡ, 25 ಮಿಲಿಮೀಟರ್ ದಪ್ಪ, 15 ಕೆ.ಜಿ. ಹಿಡಿತದ ಜಾಗದಲ್ಲಿ ಸಣ್ಣ ಸಣ್ಣ ಗೀರುಗಳ ಜಾಲವಿರುತ್ತದೆ. ಹೊಸ ಅಂಗೈಗೆ ಅದು ಅರದ ಹಾಗೆ ಉರಿಯುತ್ತದೆ. ಸ್ಪರ್ಧೆಯ ಪ್ಲೇಟುಗಳಿಗೆ ಬಣ್ಣದ ಗುರುತುಂಟು: ಕೆಂಪು 25, ನೀಲಿ 20, ಹಳದಿ 15, ಹಸಿರು 10. ಕಾಲೇಜಿನ ಜಿಮ್ಮಿನಲ್ಲಿ ಈ ಬಣ್ಣಗಳನ್ನು ನಿರೀಕ್ಷಿಸಬೇಡಿ. ಅಲ್ಲಿರುವುದು ಹೆಚ್ಚಾಗಿ ಕಪ್ಪು ಎರಕದ ತಟ್ಟೆಗಳು. ಮೇಲಿನ ಅಂಕಿ ಸವೆದಿರುತ್ತದೆ, ಯಾರೋ ಬಿಳಿ ಪೇಂಟಿನಲ್ಲಿ ಮತ್ತೆ ಬರೆದಿರುತ್ತಾರೆ. ನಮ್ಮ ಮಳೆಗಾಲವೋ ಕಬ್ಬಿಣಕ್ಕೆ ಶತ್ರು. ಆಟಿ ತಿಂಗಳಲ್ಲಿ ನಾಲ್ಕು ದಿನ ಮುಟ್ಟದೆ ಬಿಟ್ಟರೆ ರಾಡಿನ ಮೇಲೆ ಕೆಂಪು ಹುಡಿ ಏಳುತ್ತದೆ. ಎಣ್ಣೆ ಬಟ್ಟೆಯಲ್ಲಿ ಒರೆಸುವ ಕೆಲಸ ಹೊಸಬರ ಪಾಲಿಗೆ ಬಂದರೆ ಮುಖ ಸಣ್ಣ ಮಾಡಬಾರದು. ಸಾಮಾನಿನ ಪರಿಚಯ ಅದಕ್ಕಿಂತ ಚೆನ್ನಾಗಿ ಬೇರೆ ಯಾವುದರಿಂದಲೂ ಆಗುವುದಿಲ್ಲ.

ಮೊದಲ ದಿನ ಖಾಲಿ ರಾಡು ಸಾಕು. ಸ್ಕ್ವಾಟಿಗೆಂದು ಭುಜದ ಮೇಲಿಟ್ಟುಕೊಂಡರೆ ಅದು ಕತ್ತಿನ ಎಲುಬಿಗೆ ಒತ್ತುತ್ತದೆ. ಸ್ವಲ್ಪ ಕೆಳಗೆ, ಬೆನ್ನ ಮೇಲಿನ ಮಾಂಸದ ದಿಂಡಿನ ಮೇಲೆ ಕೂರಿಸಬೇಕು. ಕೂತಾಗ ಹಿಮ್ಮಡಿ ಏಳುತ್ತದೆ, ಮೊಣಕಾಲು ಒಳಗೆ ವಾಲುತ್ತದೆ. ಬೆಂಚ್ ಪ್ರೆಸ್‌ಗೆ ಮಲಗಿದರೆ ರಾಡು ಒಂದು ಬದಿಗೆ ಓಲುತ್ತದೆ, ಬಲಗೈ ಮುಂದೆ ಹೋಗಿ ಎಡಗೈ ಹಿಂದೆ ಉಳಿಯುತ್ತದೆ. ಕೈ ನಡುಗುತ್ತದೆ. ನಡುಕ ಶಕ್ತಿ ಕಡಿಮೆಯಾದ್ದರಿಂದ ಎಂದು ಹೊಸಬ ನಾಚುತ್ತಾನೆ. ನಾಚಬೇಕಾಗಿಲ್ಲ. ಇರುವ ಸ್ನಾಯುವನ್ನು ಒಟ್ಟಿಗೆ, ಸರಿಯಾದ ಹೊತ್ತಿಗೆ ದುಡಿಸಲು ನರಗಳು ಇನ್ನೂ ಕಲಿತಿಲ್ಲ, ಅಷ್ಟೆ. ಮೊದಲ ಕೆಲವು ವಾರಗಳಲ್ಲಿ ಎತ್ತುವ ತೂಕ ಸರಸರ ಏರುವುದು ಹೆಚ್ಚಾಗಿ ಈ ನರಗಳ ಕಲಿಕೆಯಿಂದ. ಸ್ನಾಯು ದಪ್ಪವಾಗುವುದು ನಿಧಾನ. ಕನ್ನಡಿಯಲ್ಲಿ ಏನೂ ಕಾಣದಿದ್ದರೂ ನೋಟುಬುಕ್ಕಿನಲ್ಲಿ ಅಂಕಿ ಏರುತ್ತಿರುತ್ತದೆ. ಆದ್ದರಿಂದ ಒಂದು ಸಣ್ಣ ನೋಟುಬುಕ್ಕು ಇಟ್ಟುಕೊಳ್ಳುವುದು ಒಳ್ಳೆಯದು. ಆರಂಭದಲ್ಲಿ ಕನ್ನಡಿಯನ್ನು ನಂಬಿದವರೇ ಬೇಗ ಬಿಟ್ಟುಹೋಗುವವರು.

ಮರುದಿನ ನೋವು. ಅದರ ಮರುದಿನ ಇನ್ನೂ ಹೆಚ್ಚು. ಹಾಸ್ಟೆಲಿನ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕಾಗುತ್ತದೆ. ‘ಲ್ಯಾಕ್ಟಿಕ್ ಆಸಿಡ್ ತುಂಬಿದೆ ಮಾರಾಯ’ ಎಂದು ಸೀನಿಯರ್ ವೈದ್ಯರು ತೀರ್ಪು ಕೊಡುತ್ತಾರೆ. ಅದು ಸರಿಯಲ್ಲ. ಆ ಆಮ್ಲ ಗಂಟೆ ಎರಡು ಗಂಟೆಯೊಳಗೆ ರಕ್ತದಿಂದ ಕರಗಿಹೋಗಿರುತ್ತದೆ. ರೂಢಿಯಿಲ್ಲದ ಕೆಲಸದಲ್ಲಿ, ಅದರಲ್ಲೂ ತೂಕವನ್ನು ತಡೆದು ಇಳಿಸುವಾಗ, ಸ್ನಾಯುವಿನ ಎಳೆಗಳಿಗಾದ ಸೂಕ್ಷ್ಮ ಪೆಟ್ಟು ಈ ನೋವಿಗೆ ಕಾರಣ. ಒಂದರಿಂದ ಮೂರು ದಿನದೊಳಗೆ ಏರಿ ತಾನೇ ಇಳಿಯುತ್ತದೆ. ಎರಡನೇ ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಗಂಟಿನೊಳಗೆ ಚುಚ್ಚುವ ನೋವಾದರೆ ಮಾತ್ರ ನಿಲ್ಲಿಸಿ ಸರ್‌ಗೆ ಹೇಳಬೇಕು. ಬೆಂಚಿನ ಮೇಲೆ ಒಬ್ಬರೇ ಮಲಗಿ ತೂಕ ಏರಿಸಬಾರದು. ಹಿಂದೆ ನಿಂತು ಸ್ಪಾಟ್ ಕೊಡಲು ಗುರುತಿಲ್ಲದ ಸೀನಿಯರನ್ನೇ ಕರೆಯಬಹುದು. ಹಾಗೆ ಕರೆಯುವುದರಿಂದಲೇ ಈ ಕೋಣೆಯಲ್ಲಿ ಗೆಳೆತನ ಶುರುವಾಗುತ್ತದೆ.

ಇಷ್ಟೆಲ್ಲ ಹೊಸತು ಎನ್ನುವಂತೆ ಬರೆಯುವಾಗ ನನಗೇ ನಗು ಬರುತ್ತದೆ. ಈ ಮೂರು ತಾಲೂಕುಗಳಲ್ಲಿ ಮೈಮುರಿದು ದುಡಿಯುವುದು ಯಾರಿಗೆ ಹೊಸತು? ಅಡಿಕೆ ಮರಕ್ಕೆ ತಳೆ ಕಟ್ಟಿ ಏರಿ, ಮರದಿಂದ ಮರಕ್ಕೆ ಬಾಗಿ ಹಾರಿ ಕೊನೆ ತೆಗೆಯುವವರು, ಮಳೆಯ ನಡುವೆ ಬೋರ್ಡೊ ಮದ್ದು ಬಿಡುವವರು ಯಾವ ಜಿಮ್ಮಿಗೂ ಹೋದವರಲ್ಲ. ಅವರ ಮುಂಗೈ ನೋಡಿದರೆ ಬಾಡಿಬಿಲ್ಡರ್‌ಗಳು ಅಂಗಿ ಹಾಕಿಕೊಳ್ಳಬೇಕು. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲಿ ನಿಂತೇ ಕೊನೆ ಇಳಿಸುತ್ತಾರೆ. ಮಕ್ಕಳು ಮರ ಏರುವುದನ್ನು ಕಲಿಯಲಿಲ್ಲ, ಕಲಿಸಬೇಕೆಂದು ಹೆತ್ತವರಿಗೂ ಮನಸ್ಸಿಲ್ಲ. ಹಾಗಾಗಿ ಭಾರ ಎತ್ತುವುದನ್ನು ಬೇರೆಯಾಗಿ, ವೇಳೆ ಗೊತ್ತುಮಾಡಿಕೊಂಡು ಕಲಿಯಬೇಕಾಗಿ ಬಂದ ಮೊದಲ ತಲೆಮಾರು ಇವತ್ತಿನ ಪದವಿ ತರಗತಿಗಳಲ್ಲಿ ಕೂತಿದೆ. ಮನೆಯ ಹಿರಿಯರು ‘ತೋಟಕ್ಕೆ ಬಾ, ಜಿಮ್ಮು ಅಲ್ಲೇ ಉಂಟು’ ಎನ್ನುವುದರಲ್ಲಿ ತಮಾಷೆಯೂ ಇದೆ, ಸ್ವಲ್ಪ ಬೇಸರವೂ ಇದೆ.

ಹಾಗೆಂದು ಮೈ ಸಾಧಿಸಲೆಂದೇ ಒಂದು ಜಾಗ ಇಟ್ಟುಕೊಳ್ಳುವುದು ತುಳುನಾಡಿಗೆ ಅಪರಿಚಿತವಲ್ಲ. ಪುತ್ತೂರಿನ ಪಡುಮಲೆಯಲ್ಲಿ ಹುಟ್ಟಿ ಎಣ್ಮೂರಿನಲ್ಲಿ ಕಥೆ ಮುಗಿಸಿದ ಕೋಟಿ ಚೆನ್ನಯರು ಗರಡಿಯಲ್ಲಿ ಪಳಗಿದ ವೀರರು. ಇಂದು ಗರಡಿಗಳು ಅವರ ಆರಾಧನೆಯ ಸ್ಥಾನಗಳಾಗಿವೆ. ಮಂಗಳೂರಿನಲ್ಲಿ ಬಾಲಾಂಜನೇಯ ಜಿಮ್ನೇಶಿಯಂನಂಥ ವ್ಯಾಯಾಮಶಾಲೆಗಳು ಹನುಮಂತನ ಹೆಸರಿನಲ್ಲಿ ಲಿಫ್ಟರ್‌ಗಳನ್ನು ತಯಾರು ಮಾಡಿವೆ. ಘಟ್ಟದ ಮೇಲಿನ ಬೆಂಗಳೂರಿನಲ್ಲಿ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕೆ.ವಿ. ಅಯ್ಯರ್ ಹರ್ಕ್ಯುಲಿಸ್ ಜಿಮ್ನೇಶಿಯಂ ನಡೆಸುತ್ತಿದ್ದರು. ಅಂಗಸಾಧನೆಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, ಅಂಚೆಯ ಮೂಲಕವೂ ಪಾಠ ಕಳಿಸಿದರು. ಟಿ.ಪಿ. ಕೈಲಾಸಂ ಆ ವ್ಯಾಯಾಮಶಾಲೆಯಲ್ಲಿ ಹರಟೆ ಹೊಡೆಯುತ್ತಿದ್ದರು ಎಂಬುದನ್ನು ನೆನೆದರೆ, ಜಿಮ್ಮಿಗೆ ಹೋಗುವವರಿಗೂ ಪುಸ್ತಕಕ್ಕೂ ಆಗಿಬರುವುದಿಲ್ಲ ಎನ್ನುವ ಲೆಕ್ಚರರ್‌ಗಳಿಗೆ ಉತ್ತರ ಸಿಕ್ಕಂತೆ.

ಊಟದ ವಿಷಯಕ್ಕೆ ಬಂದರೆ ಪೇಟೆಯ ಡಬ್ಬಿಗಳ ಮಾತು ಮೊದಲು ಏಳುತ್ತದೆ. ಕೆಮ್ಮಿಂಜೆಯಲ್ಲಿ 1986ರಿಂದ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಇರುವ ಪುತ್ತೂರಿನಲ್ಲಿ ಪಥ್ಯದ ಪಾಠ ಮಾಡುವುದು ಕಷ್ಟವೇ. ಆದರೂ ಲೆಕ್ಕ ಸರಳ. ಆರೋಗ್ಯವಂತರಿಗೆ ದಿನಕ್ಕೆ, ದೇಹತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೊಟೀನ್ ಎಂದು ಐಸಿಎಂಆರ್ 2020ರಲ್ಲಿ ಹೇಳಿದೆ. 50 ಕೆ.ಜಿ. ತೂಗುವವರಿಗೆ ಸುಮಾರು 42 ಗ್ರಾಂ ಆಯಿತು. ಭಾರ ಎತ್ತುವವರಿಗೆ ಇನ್ನೂ ಬೇಕು, ಹೆಚ್ಚುಕಡಿಮೆ ಇದರ ಎರಡು ಪಾಲಿನವರೆಗೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ನೂರು ಗ್ರಾಂ ಹಸಿ ಹುರುಳಿಯಲ್ಲೂ ಹೆಸರುಕಾಳಿನಲ್ಲೂ 22 ಗ್ರಾಂ ಆಸುಪಾಸು. ಕುಚ್ಚಲಕ್ಕಿ ಗಂಜಿಯ ಜತೆ ಹುರುಳಿ ಚಟ್ನಿಯ ಬದಲು ಹುರುಳಿ ಪಲ್ಯವನ್ನೇ ದೊಡ್ಡ ಸೌಟಿನಲ್ಲಿ ಬಡಿಸಿಕೊಂಡರೆ, ಮೀನು ತಿನ್ನುವವರು ಎರಡು ಬಂಗುಡೆ ಸೇರಿಸಿಕೊಂಡರೆ, ಅರ್ಧ ಕೆಲಸ ಮುಗಿಯಿತು.

ನಿಜವಾದ ತೊಡಕು ಬಸ್ಸಿನದು. ಕಾಲೇಜಿನ ಜಿಮ್ಮಿನ ಹೊತ್ತು ಸಾಮಾನ್ಯವಾಗಿ ಕ್ಲಾಸು ಬಿಟ್ಟ ಮೇಲೆ. ಆ ಹೊತ್ತಿಗೇ ಗುತ್ತಿಗಾರಿಗೂ ಮಂಡೆಕೋಲಿಗೂ ಸಂಪಾಜೆಗೂ ಆಲಂಕಾರಿಗೂ ಬಸ್ಸು ಹೊರಡುವುದು. ಒಂದು ತಪ್ಪಿದರೆ ಮುಂದಿನದು ಕತ್ತಲೆಗೆ, ಒಳಗಿನ ಊರುಗಳಿಗೆ ಅದೂ ಇಲ್ಲ. ಹಾಗಾಗಿ ಜಿಮ್ಮು ಹಾಸ್ಟೆಲಿನವರ ಸೊತ್ತಾಗಿಬಿಡುತ್ತದೆ. ದಿನಾ ಓಡಾಡುವವರು ಫೀಸಿನ ಜತೆ ಕ್ರೀಡಾ ಶುಲ್ಕವನ್ನೂ ಕಟ್ಟುತ್ತಾರೆ, ರಾಡು ಮಾತ್ರ ಮುಟ್ಟುವುದಿಲ್ಲ. ಬೆಳಿಗ್ಗೆ ಬಸ್ಸು ಬೇಗ ತಂದು ಸುರಿದ ವಿದ್ಯಾರ್ಥಿಗಳು ಮೊದಲ ಬೆಲ್ಲಿನವರೆಗೆ ಜಗಲಿಯಲ್ಲಿ ಕೂತು ಮೊಬೈಲು ನೋಡುವ ಒಂದು ಗಂಟೆ ಇದೆಯಲ್ಲ, ಆಗ ಬಾಗಿಲು ತೆರೆದಿಟ್ಟರೆ ಏನು ನಷ್ಟ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ. ಬೇಕಾದದ್ದು ಒಂದು ಬೀಗದ ಕೈ, ಒಬ್ಬ ಜವಾಬ್ದಾರ ಸೀನಿಯರ್.

ಹುಡುಗಿಯರಿಗೆ ಬಸ್ಸಿನ ಮೇಲೆ ಇನ್ನೊಂದು ಅಡ್ಡಿ, ಗಂಡುಮಕ್ಕಳೇ ತುಂಬಿದ ಕೋಣೆ. ಪ್ರತ್ಯೇಕ ಹೊತ್ತು ಗೊತ್ತುಮಾಡಿದಲ್ಲಿ ಅವರು ಬರುತ್ತಾರೆ. ಒಲಿಂಪಿಕ್ಸಿನಲ್ಲಿ ಮಹಿಳೆಯರ ಭಾರ ಎತ್ತುವ ಸ್ಪರ್ಧೆ ಶುರುವಾದದ್ದೇ 2000ರ ಸಿಡ್ನಿಯಲ್ಲಿ. ಆ ಮೊದಲ ಸಲವೇ ಕರ್ಣಂ ಮಲ್ಲೇಶ್ವರಿ ಸ್ಪರ್ಧೆಯ ಎರಡು ಬಗೆಯ ಎತ್ತುವಿಕೆಯಲ್ಲಿ 110 ಮತ್ತು 130, ಒಟ್ಟು 240 ಕೆ.ಜಿ. ಎತ್ತಿ ಕಂಚು ತಂದರು. ಹದಿನೈದು ಕೆ.ಜಿ.ಯ ರಾಡು ಕಾಲೇಜಿನಲ್ಲಿ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ತರಿಸಲು ಅರ್ಜಿ ಬರೆಯಿರಿ. ತೋರ ರಾಡಿಗೆ ಸಣ್ಣ ಅಂಗೈ ಸೋತರೆ ಅದು ತೋಳಿನ ತಪ್ಪಲ್ಲ.

ಇನ್ನು ಪಿ.ಡಿ. ಸರ್‌ ಸಪೂರದವರನ್ನು ಹುಡುಕುವ ಗುಟ್ಟು. ಅಂತರ ಕಾಲೇಜು ವೇಟ್‌ಲಿಫ್ಟಿಂಗ್, ಪವರ್‌ಲಿಫ್ಟಿಂಗ್ ನಡೆಯುವುದು ದೇಹತೂಕದ ವರ್ಗಗಳಲ್ಲಿ. ತಂಡದ ಪ್ರಶಸ್ತಿಗೆ ಎಲ್ಲ ವರ್ಗಗಳ ಅಂಕವೂ ಕೂಡಬೇಕು. ದಪ್ಪ ತೋಳಿನವರು ನಡುವಿನ ವರ್ಗಗಳಲ್ಲಿ ನೂಕುನುಗ್ಗಲು ಮಾಡುತ್ತಾರೆ. ತೀರ ಹಗುರದ ವರ್ಗಕ್ಕೆ ಜನ ಸಿಗುವುದಿಲ್ಲ, ಏಕೆಂದರೆ ಅಂಥವರು ಬಾಗಿಲಿನಿಂದಲೇ ವಾಪಸು ಹೋಗಿರುತ್ತಾರೆ. ಒಳಗೆ ಬಂದವರು ನಾಲ್ಕು ತಿಂಗಳು ಶಿಸ್ತಿನಿಂದ ಕಲಿತರೆ ತಂಡದಲ್ಲಿ ಜಾಗ ಸಿಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು.

ಪಕ್ಕದ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ಕುಂದಾಪುರ ಕಡೆಯ ವಂಡ್ಸೆಯ ಗುರುರಾಜ ಪೂಜಾರಿಗೆ ಕುಸ್ತಿಯ ಹುಚ್ಚಿತ್ತು. 2008ರ ಒಲಿಂಪಿಕ್ಸಿನಲ್ಲಿ ಸುಶೀಲ್ ಕುಮಾರ್ ಗೆದ್ದದ್ದನ್ನು ನೋಡಿ ಹತ್ತಿದ ಹುಚ್ಚು. ಪಿಕಪ್ ಚಾಲಕರ ಮಗ ಉಜಿರೆಯ ಎಸ್.ಡಿ.ಎಂ. ಕಾಲೇಜು ಸೇರಿದಾಗ ತರಬೇತುದಾರ ರಾಜೇಂದ್ರ ಪ್ರಸಾದ್ ಅವನನ್ನು ರಾಡಿನ ಕಡೆ ತಿರುಗಿಸಿದರು. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ಮೊದಲ ಪದಕ ಅವನದೇ, 56 ಕೆ.ಜಿ. ವರ್ಗದ ಬೆಳ್ಳಿ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವರ್ಗದಲ್ಲಿ 118 ಮತ್ತು 151, ಒಟ್ಟು 269 ಕೆ.ಜಿ. ಎತ್ತಿ ಕಂಚು. ಬಸ್ಸಿನಲ್ಲಿ ಪಕ್ಕ ಕೂತರೆ ಯಾರೂ ಎರಡನೇ ಸಲ ನೋಡದ ತೂಕ, 56 ಕೆ.ಜಿ.

ಹೊಸಬರು ಮೊದಲ ವೇಟ್‌ಲಿಫ್ಟಿಂಗ್ ಸ್ಪರ್ಧೆಗೆ ಹೋಗುವಾಗ ಗೊತ್ತಿರಬೇಕಾದದ್ದು ಇಷ್ಟು. ಸ್ಪರ್ಧೆಗೆ ಎರಡು ಗಂಟೆ ಮೊದಲು ದೇಹತೂಕ ನೋಡಲು ಶುರುಮಾಡುತ್ತಾರೆ. ರಾಡನ್ನು ನೆಲದಿಂದ ಒಂದೇ ಸಲಕ್ಕೆ ತಲೆಯ ಮೇಲೆ ಎತ್ತುವ ಸ್ನ್ಯಾಚ್‌ನಲ್ಲಿ ಮೂರು ಯತ್ನ, ಮೊದಲು ಭುಜಕ್ಕೆ ತಂದು ಆಮೇಲೆ ಮೇಲೆತ್ತುವ ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ ಮೂರು. ಹೆಸರು ಕರೆದ ಮೇಲೆ ಎತ್ತಲು ಒಂದು ನಿಮಿಷ. ಮೂವರು ರೆಫರಿಗಳು, ಮೂರು ಲೈಟು. ಎರಡು ಬಿಳಿ ಬಂದರೆ ಎತ್ತಿದ್ದು ಊರ್ಜಿತ. ಸ್ನ್ಯಾಚ್‌ನ ಮೂರೂ ತಪ್ಪಿದರೆ ಒಟ್ಟು ಮೊತ್ತವೇ ಇಲ್ಲ, ತಂಡಕ್ಕೆ ಅಂಕವೂ ಇಲ್ಲ. ಗೋಲ್ಡ್‌ಕೋಸ್ಟಿನಲ್ಲಿ ಗುರುರಾಜ ಕ್ಲೀನ್ ಆ್ಯಂಡ್ ಜರ್ಕ್‌ನ ಮೊದಲೆರಡು ಯತ್ನ ಕಳೆದುಕೊಂಡು ಮೂರನೆಯದರಲ್ಲಿ 138 ಎತ್ತಿದ. ಆ ಗುಂಡಿಗೆ ಎಲ್ಲರಿಗೂ ಇರುವುದಿಲ್ಲ. ಮೊದಲ ಯತ್ನಕ್ಕೆ ಎಷ್ಟು ಬರೆಸಲಿ ಎಂದು ಸರ್‌ ಕೇಳಿದಾಗ, ನಿದ್ದೆಗಣ್ಣಿನಲ್ಲೂ ಎತ್ತಬಲ್ಲ ತೂಕವನ್ನು ಹೇಳಿ.