ಟೆನಿಸ್ ಆಡುವ ಕೈ ಬೆನ್ನಿಗೇಕೆ ಎಟುಕದು?

ಪ್ರಶ್ನೆ: ಮಗಳು ಚಿಕ್ಕಂದಿನಿಂದ ಟೆನಿಸ್ ಆಡುತ್ತಾಳೆ. ಬೆನ್ನ ಹಿಂದೆ ಕೈ ತಂದರೆ ರ‍್ಯಾಕೆಟ್ ಹಿಡಿಯುವ ಬಲಗೈ ಎಡಗೈಯಷ್ಟು ಮೇಲಕ್ಕೆ ಹೋಗುವುದಿಲ್ಲ. ಆಡಿದಷ್ಟೂ ಭುಜ ಸಡಿಲವಾಗಬೇಕಲ್ಲವೇ?

ಸಡಿಲವೂ ಆಗುತ್ತದೆ, ಬಿಗಿಯೂ ಆಗುತ್ತದೆ, ಅದೂ ಒಂದೇ ಭುಜದಲ್ಲಿ! ಸರ್ವ್ ಮಾಡುವಾಗ ತೋಳು ಮೊದಲು ಹಿಂದಕ್ಕೆ ತಿರುಚಿಕೊಂಡು, ಆಮೇಲೆ ರಭಸದಿಂದ ಒಳಮುಖವಾಗಿ ತಿರುಗುತ್ತದೆ. ಚೆಂಡು ಹೋದರೂ ಕೈಯ ವೇಗ ನಿಂತಿರುವುದಿಲ್ಲ. ಅದಕ್ಕೆ ಬ್ರೇಕ್ ಹಾಕುವುದು ಭುಜದ ಹಿಂಬದಿಯ ಸ್ನಾಯುಗಳು ಮತ್ತು ಕೀಲನ್ನು ಸುತ್ತಿದ ಪೊರೆ. ಈ ಜಗ್ಗಾಟ ಸಾವಿರಾರು ಸಲ ನಡೆದಾಗ, ಗುದ್ದಲಿ ಹಿಡಿದ ಅಂಗೈ ದಡ್ಡುಗಟ್ಟುವಂತೆ, ಹಿಂಬದಿ ದಪ್ಪಗಾಗಿ ಬಿಗಿಯುತ್ತದೆ. ಒಳತಿರುವು ಕುಗ್ಗುತ್ತದೆ, ಹೊರತಿರುವು ಹೆಚ್ಚುತ್ತದೆ. ಬೆನ್ನು ಮುಟ್ಟಲು ಬೇಕಾದದ್ದು ಒಳತಿರುವು.

ಮೂಳೆಯ ಪಾಲೂ ಇದೆ. ಹುಟ್ಟುವಾಗ ಹಿಂದಕ್ಕೆ ತಿರುಚಿರುವ ತೋಳಿನ ಮೂಳೆ ಬೆಳೆಯುತ್ತ ಬಿಡಿಸಿಕೊಳ್ಳುತ್ತದೆ. ಎಳೆಯ ವಯಸ್ಸಿನಲ್ಲೇ ಆಟ ಹಿಡಿದವರಲ್ಲಿ ಅದು ಪೂರ್ತಿ ಬಿಡಿಸಿಕೊಳ್ಳದೆ ಉಳಿಯಬಹುದು. ಇದನ್ನು ಯಾವ ವ್ಯಾಯಾಮವೂ ಬದಲಿಸದು. ಬದಲಿಸಬೇಕಾಗಿಯೂ ಇಲ್ಲ, ಸರ್ವ್‌ಗೆ ಅದು ಅನುಕೂಲವೇ.

ಸ್ನಾಯುವಿನ ಬಿಗಿತಕ್ಕೆ ಮಾತ್ರ ಉಪಾಯವುಂಟು. ಆಟ ಮುಗಿದ ಮೇಲೆ ಬಲ ಮೊಣಕೈಯನ್ನು ಎಡಗೈಯಿಂದ ಎದೆಗೆ ಅಡ್ಡವಾಗಿ ಎಳೆದು ಅರ್ಧ ನಿಮಿಷ ಹಿಡಿಯಲಿ. ನೋವಿದ್ದರೆ ಎಳೆಯುವುದು ಬೇಡ, ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.