ಹಬ್ಬದ ದಿನವೇ ಬಾಕಿ ತೀರುವ ದಿನ: ಕೊಪ್ಪಳ ಸೀಮೆಯ ರಜಾದಿನಗಳ ಹಿಂದಿನ ಲೆಕ್ಕ

ಪ್ರತಿ ವರ್ಷದ ಕೊನೆಯಲ್ಲಿ ರಾಜ್ಯ ಸರ್ಕಾರವು ಮುಂದಿನ ವರ್ಷದ ಸಾರ್ವತ್ರಿಕ ರಜಾದಿನಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪೇಟೆಗಳ ವರ್ತಕರು ಆ ಪಟ್ಟಿಯನ್ನು ನೋಡುವುದು ಬಹುತೇಕ ಬ್ಯಾಂಕು ಎಂದು ಮುಚ್ಚಿರುತ್ತದೆ ಎಂಬುದನ್ನು ತಿಳಿಯಲು ಮಾತ್ರ. ಅಡತಿ ಅಂಗಡಿಯ ಉದ್ರಿ ವ್ಯವಹಾರ ನಡೆಯುವುದು ಬೇರೊಂದು ಪಟ್ಟಿಯ ಮೇಲೆ. ಯುಗಾದಿ, ಕಾರಹುಣ್ಣಿಮೆ, ನಾಗರ ಪಂಚಮಿ, ದಸರೆ, ದೀಪಾವಳಿ, ಎಳ್ಳಮಾವಾಸ್ಯೆ, ಗವಿಮಠದ ಜಾತ್ರೆ ಅದರಲ್ಲಿ ಬರುವ ದಿನಗಳು. ಕಾರಹುಣ್ಣಿಮೆಯ ಹೊತ್ತಿಗೆ ಬೀಜ-ಗೊಬ್ಬರಕ್ಕೆ ಕೊಟ್ಟ ಹಣ ದೀಪಾವಳಿಗೆ ಬರಬೇಕು; ಹೊಲದ ಲಾವಣಿ, ವರ್ಷದ ಆಳಿನ ಸಂಬಳ ಯುಗಾದಿಯಿಂದ ಯುಗಾದಿಗೆ. ಹಬ್ಬವೆಂದರೆ ಕೆಲಸ ನಿಲ್ಲಿಸುವ ದಿನ ಎಷ್ಟೋ, ಲೆಕ್ಕ ತೀರಿಸುವ ದಿನವೂ ಅಷ್ಟೇ ಆಗಿತ್ತು ಎಂಬುದಕ್ಕೆ ಈ ಸೀಮೆಯ ಇತಿಹಾಸದಲ್ಲಿ ಸಾಕಷ್ಟು ಆಧಾರಗಳಿವೆ.

ಮಹಾನವಮಿ ಮತ್ತು ಕಂದಾಯ

ಗಂಗಾವತಿ ತಾಲೂಕಿನ ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿ. ಅಲ್ಲಿನ ಮಹಾನವಮಿ ದಿಬ್ಬದ ಉತ್ಸವವನ್ನು 1520ರ ಸುಮಾರಿನಲ್ಲಿ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ವರ್ಣಿಸಿದ್ದು ಪ್ರಸಿದ್ಧ. ಆನೆ, ಕುದುರೆ, ಆಭರಣಗಳ ಆ ವರ್ಣನೆಯನ್ನು ಎಲ್ಲರೂ ಓದುತ್ತಾರೆ. ಅವನ ನಂತರ ಬಂದ ನೂನಿಜ್ ಬರೆದಿಟ್ಟ ಒಂದು ಸಂಗತಿಯತ್ತ ಮಾತ್ರ ವಾಣಿಜ್ಯ ವಲಯದ ಗಮನ ಹರಿದಂತಿಲ್ಲ. ಸೆಪ್ಟೆಂಬರ್ ತಿಂಗಳಿನಲ್ಲಿ ನಡೆಯುವ ಒಂಬತ್ತು ದಿನಗಳ ಆ ಉತ್ಸವದ ಕಾಲದಲ್ಲಿಯೇ ನಾಯಕರು ತಮ್ಮ ಸೀಮೆಗಳ ಕಂದಾಯವನ್ನು ಅರಸನಿಗೆ ಒಪ್ಪಿಸುತ್ತಿದ್ದರು ಎನ್ನುತ್ತಾನೆ ಅವನು. ಅಂದರೆ ಮಹಾನವಮಿಯು ಸಾಮ್ರಾಜ್ಯದ ವೈಭವದ ಪ್ರದರ್ಶನವಾಗಿದ್ದಂತೆ ಕಂದಾಯ ಕಟ್ಟುವ ಅಂತಿಮ ದಿನಾಂಕವೂ ಆಗಿತ್ತು. 1961ರ ಆದಾಯ ತೆರಿಗೆ ಕಾಯ್ದೆಯು ಲೆಕ್ಕ ತಪಾಸಣಾ ವರದಿಗೆ ಗೊತ್ತುಪಡಿಸಿದ ಸೆಪ್ಟೆಂಬರ್ 30 ಸಹ ಹಲವು ವರ್ಷ ನವರಾತ್ರಿಯ ಆಸುಪಾಸಿನಲ್ಲಿಯೇ ಬಿದ್ದಿದೆ. ಇದು ಕಾಕತಾಳೀಯವೇ ಆದರೂ, ಹಬ್ಬಕ್ಕೆ ಊರಿಗೆ ಹೋಗಲಾಗದ ಲೆಕ್ಕಿಗರಿಗೆ ವಿಜಯನಗರದ ನಾಯಕರ ಅವಸರ ಚೆನ್ನಾಗಿ ಅರ್ಥವಾದೀತು.

ವಿಜಯದಶಮಿಯಂದು ಬನ್ನಿ ವಿನಿಮಯ ಮಾಡಿಕೊಂಡು ಅದನ್ನು ಬಂಗಾರವೆನ್ನುವ ವಾಡಿಕೆಗೂ ಸಾಲದ ಕಥೆಯೊಂದರ ನಂಟಿದೆ. ಗುರುದಕ್ಷಿಣೆಯ ಋಣ ತೀರಿಸಬೇಕಾದ ಕೌತ್ಸನು ರಘು ಮಹಾರಾಜನಲ್ಲಿಗೆ ಬಂದಾಗ ಕುಬೇರನು ಬಂಗಾರದ ಮಳೆಗರೆದನೆಂಬುದು ಆ ಕಥೆ. ಪಾಂಡವರು ಬನ್ನಿಯ ಮರದಲ್ಲಿ ಆಯುಧ ಬಚ್ಚಿಟ್ಟ ಕಥೆಯಿಂದ ಆಯುಧಪೂಜೆ ಬಂದಿತು. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಯಂತ್ರ, ತಕ್ಕಡಿ, ಲಾರಿಗಳಿಗೆ ಅಂದು ಪೂಜೆ ಸಲ್ಲುತ್ತದೆ.

ನಿಜಾಮರ ಫಸಲಿ, ಶುಕ್ರವಾರದ ರಜೆ

1948ರವರೆಗೆ ಈ ಪ್ರದೇಶವು ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರಿಯಾಗಿದ್ದವು. ಸಂಸ್ಥಾನದ ಕಚೇರಿಗಳಿಗೆ ವಾರದ ರಜೆ ಶುಕ್ರವಾರ. ಪಶ್ಚಿಮಕ್ಕೆ ಮುಂಬಯಿ ಪ್ರಾಂತ್ಯದ ಗದಗ, ದಕ್ಷಿಣಕ್ಕೆ ಮದ್ರಾಸ್ ಪ್ರಾಂತ್ಯದ ಹೊಸಪೇಟೆ; ಅಲ್ಲಿ ಭಾನುವಾರದ ರಜೆ. ಗದುಗಿಗೆ ಹತ್ತಿ ಕಳಿಸುವ ಕೊಪ್ಪಳದ ವ್ಯಾಪಾರಿಗೆ ಸರ್ಕಾರಿ ಕೆಲಸ ಎರಡೂ ಕಡೆ ನಡೆಯುವ ದಿನಗಳು ವಾರಕ್ಕೆ ಐದೇ. ನಾಣ್ಯವೂ ಬೇರೆ. ಸಂಸ್ಥಾನದ ಏಳು ಹಾಲಿ ರೂಪಾಯಿಗೆ ಬ್ರಿಟಿಷರ ಆರು ಕಲದಾರ ರೂಪಾಯಿ ಎಂಬುದು ಲೆಕ್ಕ.

ವರ್ಷವಂತೂ ಮೊದಲೇ ಬೇರೆ. ಸಂಸ್ಥಾನದ ಕಾಗದಪತ್ರಗಳೆಲ್ಲ ಫಸಲಿ ಇಸವಿಯಲ್ಲಿರುತ್ತಿದ್ದವು. ಹಳೆಯ ದಸ್ತಾವೇಜು ಹಿಡಿದು ಬರುವ ಕಕ್ಷಿದಾರರು ಇಂದಿಗೂ ಇದ್ದಾರಾದ್ದರಿಂದ ಅದರ ಮೂಲವನ್ನು ತುಸು ವಿವರವಾಗಿ ತಿಳಿಯುವುದು ಉಪಯುಕ್ತ. ಹಿಜರಿ ವರ್ಷವು ಚಾಂದ್ರಮಾನದ್ದು, 354 ದಿನಗಳದ್ದು. ಅದರಲ್ಲಿ ಅಧಿಕಮಾಸವಿಲ್ಲ. ಆ ಲೆಕ್ಕದಂತೆ ಕಂದಾಯ ವಸೂಲು ಮಾಡಿದರೆ ರೈತನು 33 ಬೆಳೆ ತೆಗೆಯುವಷ್ಟರಲ್ಲಿ 34 ಕಂದಾಯ ಕಟ್ಟಬೇಕಾಗುತ್ತದೆ. ಈ ಅನ್ಯಾಯವನ್ನು ಸರಿಪಡಿಸಲು ಮೊಗಲ್ ಅರಸ ಅಕ್ಬರನ ಕಾಲದಲ್ಲಿ ಸೌರಮಾನದ, ಫಸಲನ್ನು ಅನುಸರಿಸುವ ಇಸವಿ ಬಳಕೆಗೆ ಬಂದಿತು. ಹೆಸರು ಸಹ ಫಸಲಿನಿಂದಲೇ. ಹೈದರಾಬಾದಿನಲ್ಲಿ ಅದು ಅಕ್ಟೋಬರ್ ಮೊದಲ ವಾರದಲ್ಲಿ, ಆಜುರ್ ಮಾಸದಿಂದ ಆರಂಭವಾಗುತ್ತಿತ್ತು. ಮದ್ರಾಸಿನಲ್ಲಿ ಜುಲೈ 1ಕ್ಕೆ. ಫಸಲಿಗೆ 591 ಕೂಡಿಸಿದರೆ ಕ್ರಿಸ್ತಶಕದ ವರ್ಷ ಸಿಗುತ್ತದೆ, ಆರಂಭದ ತಿಂಗಳುಗಳಲ್ಲಿ ಒಂದು ವರ್ಷ ಕಡಿಮೆ. ತೆರಿಗೆಯ ವರ್ಷವು ಬೆಳೆಯ ವರ್ಷಕ್ಕೆ ಹೊಂದಿಕೆಯಾಗಬೇಕೆಂಬ ತತ್ತ್ವವನ್ನು ಇಷ್ಟು ಸ್ಪಷ್ಟವಾಗಿ ಸಾರುವ ಪಂಚಾಂಗ ಮತ್ತೊಂದಿಲ್ಲ.

ಹಿಜರಿಯ ಅದೇ ಗುಣದಿಂದಾಗಿ ಮೊಹರಂ ಹಬ್ಬವು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಅಲಾಯಿ ದೇವರಿಗೆ ಸಕ್ಕರೆ ಓದಿಸಲು ಇಲ್ಲಿ ಎಲ್ಲ ಜಾತಿಯವರೂ ಹೋಗುತ್ತಾರೆ. ಸಕ್ಕರೆ, ಲಾಡಿ ಮಾರುವ ಅಂಗಡಿಕಾರನು ಕಳೆದ ವರ್ಷದ ತಿಂಗಳು ನೋಡಿ ಮಾಲು ತರಿಸಿದರೆ ಕೆಲವೇ ವರ್ಷಗಳಲ್ಲಿ ಲೆಕ್ಕ ತಪ್ಪುತ್ತದೆ.

ಸೆಪ್ಟೆಂಬರ್ 17 ಈ ಇತಿಹಾಸದಿಂದಲೇ ಹುಟ್ಟಿದ ದಿನ. ದೇಶವು 1947ರ ಆಗಸ್ಟ್ 15ರಂದು ಸ್ವತಂತ್ರವಾದರೂ ಈ ಸೀಮೆಯ ಜನರು ಹದಿಮೂರು ತಿಂಗಳು ಕಾಯಬೇಕಾಯಿತು. ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವದಲ್ಲಿ ಗಡಿಯಾಚೆಯ ಮುಂಡರಗಿಯಲ್ಲಿ ಹೋರಾಟದ ಶಿಬಿರ ನಡೆಯಿತು. 1948ರ ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆ 17ರಂದು ನಿಜಾಮರ ಕದನವಿರಾಮ ಘೋಷಣೆಯೊಂದಿಗೆ ಮುಗಿಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾದ ಮೇಲೆ ಈ ದಿನವನ್ನು ಕಲ್ಯಾಣ ಕರ್ನಾಟಕ ಉತ್ಸವವೆಂದು ಆಚರಿಸಲಾಗುತ್ತಿದೆ. ನವೆಂಬರ್ 1ರ ಅರ್ಥವೂ ಇಲ್ಲಿ ತುಸು ಬೇರೆ. 1956ರ ಆ ದಿನ ಈ ಪೇಟೆಗಳ ರಾಜಧಾನಿ ಹೈದರಾಬಾದಿನಿಂದ ಬೆಂಗಳೂರಿಗೆ ಬದಲಾಯಿತು.

ದೀಪಾವಳಿ ಲೆಕ್ಕದ ಅಂತ್ಯ

ಬಲಿಪಾಡ್ಯಮಿಯು ವಾಮನನು ಪಾತಾಳಕ್ಕೆ ತುಳಿದ ಬಲಿ ಚಕ್ರವರ್ತಿ ತನ್ನ ರಾಜ್ಯ ನೋಡಲು ಬರುವ ದಿನವೆಂಬುದು ಪುರಾಣ. ವರ್ತಕರಿಗೆ ಅದು ಹೊಸ ಕಿರ್ದಿ-ಖಾತೆಯ ದಿನ. ಅಮಾವಾಸ್ಯೆಯ ಸಂಜೆ ಲಕ್ಷ್ಮೀಪೂಜೆ, ಹೊಸ ವಹಿಯ ಮೊದಲ ಪುಟದಲ್ಲಿ ಶ್ರೀಕಾರ, ಶುಭ-ಲಾಭ. ಕಾರ್ತಿಕದಿಂದ ವರ್ಷ ಎಣಿಸುವುದು ಗುಜರಾತಿನ ವಿಕ್ರಮ ಸಂವತ್ಸರದ ಕ್ರಮ. ನಮ್ಮ ಶಾಲಿವಾಹನ ಶಕೆ ಯುಗಾದಿಯಿಂದ ಮೊದಲಾಗುತ್ತದೆ. ಎರಡು ಹೊಸ ವರ್ಷಗಳನ್ನು ಒಂದೇ ಅಂಗಡಿಯಲ್ಲಿ ಪಾಲಿಸಿಕೊಂಡು ಬಂದದ್ದಕ್ಕೆ ಭಕ್ತಿಗಿಂತ ಗಟ್ಟಿಯಾದ ಕಾರಣವೊಂದಿತ್ತು. ದೀಪಾವಳಿಯ ಹೊತ್ತಿಗೆ ಉಗ್ರಾಣ ಬಹುಮಟ್ಟಿಗೆ ಖಾಲಿ. ಕುಷ್ಟಗಿ-ಯಲಬುರ್ಗಾದ ಹೆಸರು ಅಷ್ಟರಲ್ಲಿ ಮಾರಾಟವಾಗಿರುತ್ತದೆ; ಗಂಗಾವತಿಯ ಮುಂಗಾರು ಭತ್ತ ಇನ್ನೂ ಗದ್ದೆಯಲ್ಲಿರುತ್ತದೆ. ದಾಸ್ತಾನು ಎಣಿಸಲು, ಬಾಕಿ ತೀರಿಸಿಕೊಳ್ಳಲು ಅದಕ್ಕಿಂತ ಅನುಕೂಲವಾದ ದಿನವಿಲ್ಲ.

ಏಪ್ರಿಲ್ 1ಕ್ಕೆ ಇಂತಹ ಯಾವ ಬೇರೂ ಇಲ್ಲಿಲ್ಲ. ಬ್ರಿಟಿಷ್ ಸರ್ಕಾರವು ಇಂಗ್ಲೆಂಡಿನ ಆಯವ್ಯಯದ ವರ್ಷಕ್ಕೆ ಹೊಂದಿಸಿ 1867ರಿಂದ ಇಲ್ಲಿ ಅದನ್ನು ತಂದಿತು. ಆದರೂ ಬಹುಕಾಲ ಆದಾಯ ತೆರಿಗೆಯವರು ವರ್ತಕನ ದೀಪಾವಳಿ ವರ್ಷವನ್ನೇ ‘ಹಿಂದಿನ ವರ್ಷ’ವೆಂದು ಒಪ್ಪುತ್ತಿದ್ದರು. 1987ರ ನೇರ ತೆರಿಗೆ ತಿದ್ದುಪಡಿ ಕಾಯ್ದೆಯು ಆ ಆಯ್ಕೆಯನ್ನು ತೆಗೆದುಹಾಕಿ, 1989-90ನೇ ತೆರಿಗೆ ನಿರ್ಧರಣಾ ವರ್ಷದಿಂದ ಎಲ್ಲರೂ ಮಾರ್ಚ್ 31ಕ್ಕೆ ಲೆಕ್ಕ ಮುಗಿಸಬೇಕೆಂದಿತು. ದೀಪಾವಳಿ ಲೆಕ್ಕದವರು 1987ರ ಅಕ್ಟೋಬರಿನಿಂದ 1989ರ ಮಾರ್ಚ್‌ವರೆಗೆ ಸುಮಾರು 17 ತಿಂಗಳುಗಳ ಒಂದೇ ವರ್ಷವನ್ನು ಬರೆಯಬೇಕಾಯಿತು. ವಹಿಪೂಜೆ ಮಾತ್ರ ಉಳಿಯಿತು. ಪೂಜೆಗೊಳ್ಳುವ ವಹಿಯಲ್ಲಿ ಅಂದು ಅರ್ಧ ವರ್ಷದ ಲೆಕ್ಕ ಆಗಲೇ ತುಂಬಿರುತ್ತದೆ.

ನಷ್ಟ ಭಾವನೆಯದ್ದು ಮಾತ್ರವಲ್ಲ. ಮಾರ್ಚ್ 31ರಂದು ಹಿಂಗಾರು ಜೋಳ, ಕಡಲೆ ಉಗ್ರಾಣಕ್ಕೆ ಬರುತ್ತಿರುತ್ತವೆ. ತುಂಗಭದ್ರೆಯ ನೀರು ದೊರೆತ ವರ್ಷ ಗಂಗಾವತಿಯ ಎರಡನೆಯ ಭತ್ತ ಗದ್ದೆಯಲ್ಲಿ ನಿಂತಿರುತ್ತದೆ, ಅದಕ್ಕೆ ಕೊಟ್ಟ ಮುಂಗಡ ರೈತನ ಹೆಸರಿನಲ್ಲಿ ಬಾಕಿ ಇರುತ್ತದೆ. ದಾಸ್ತಾನು ಅತಿ ಹೆಚ್ಚು, ಕೈಯಲ್ಲಿ ಹಣ ಅತಿ ಕಡಿಮೆ. ತೆರಿಗೆಯ ಲಾಭವನ್ನು ನಿರ್ಧರಿಸುವುದು ಆ ದಿನ! ಆರ್ಥಿಕ ವರ್ಷವನ್ನು ಜನವರಿಯಿಂದ ಎಣಿಸಬೇಕೆಂದು ಎಲ್.ಕೆ. ಝಾ ಸಮಿತಿ 1985ರಲ್ಲಿಯೇ ಶಿಫಾರಸು ಮಾಡಿತ್ತು. ಅದು ಜಾರಿಯಾಗಲಿಲ್ಲ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಕಾಯ್ದೆಯು ‘ಹಿಂದಿನ ವರ್ಷ’ ಎಂಬ ಪದವನ್ನು ಕೈಬಿಟ್ಟು ‘ತೆರಿಗೆ ವರ್ಷ’ ಎಂದಿದೆಯಾದರೂ ತಿಂಗಳುಗಳು ಅವೇ.

ಎರಡು ಪಂಚಾಂಗಗಳ ಈ ತಿಕ್ಕಾಟದ ಇನ್ನೊಂದು ನಿದರ್ಶನ ಬಟ್ಟೆ ಅಂಗಡಿಗಳಲ್ಲಿದೆ. ಯುಗಾದಿಯು 2023ರಲ್ಲಿ ಮಾರ್ಚ್ 22ಕ್ಕೆ, 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ ಬಂದಿತು. ಹೀಗಾಗಿ 2023-24ರ ಆರ್ಥಿಕ ವರ್ಷದಲ್ಲಿ ಯುಗಾದಿಯೇ ಇರಲಿಲ್ಲ, 2024-25ರಲ್ಲಿ ಎರಡು ಯುಗಾದಿ! 2023ರ ಅಧಿಕ ಶ್ರಾವಣ ಇದಕ್ಕೆ ಕಾರಣ. ಮಾರಾಟ ಒಂದು ವರ್ಷ ಕುಗ್ಗಿ ಮರುವರ್ಷ ಹಿಗ್ಗಿದ್ದಕ್ಕೆ ಬ್ಯಾಂಕಿನವರೋ ತೆರಿಗೆ ಅಧಿಕಾರಿಯೋ ವಿವರಣೆ ಕೇಳಿದರೆ ಪಂಚಾಂಗವನ್ನು ತೋರಿಸುವುದರಲ್ಲಿ ಸಂಕೋಚ ಬೇಡ. ಜಾತ್ರೆಗಳ ತಿಥಿಯೂ ಹೀಗೆಯೇ. ಪುಷ್ಯ ಬಹುಳ ಬಿದಿಗೆಯಂದು ನಡೆಯುವ ಗವಿಸಿದ್ಧೇಶ್ವರ ರಥೋತ್ಸವವು 2024ರಲ್ಲಿ ಜನವರಿ 27ಕ್ಕೆ, 2025ರಲ್ಲಿ ಜನವರಿ 15ಕ್ಕೆ ಬಂದಿತು. ಲಕ್ಷಾಂತರ ಜನ ಸೇರುವ ‘ಅಜ್ಜನ ಜಾತ್ರೆ’ಯಲ್ಲಿ ಅಂಗಡಿ ಹಾಕುವವರು ಸಂಕ್ರಾಂತಿಯ ಎಳ್ಳು-ಬೆಲ್ಲ ಮತ್ತು ಜಾತ್ರೆಯ ಮಾಲು ಎರಡಕ್ಕೂ ಒಂದೇ ವಾರದಲ್ಲಿ ಹಣ ಹೊಂದಿಸಬೇಕೋ, ನಡುವೆ ಹದಿನೈದು ದಿನದ ಬಿಡುವಿದೆಯೋ ಎಂಬುದನ್ನು ತಿಥಿಯೇ ತೀರ್ಮಾನಿಸುತ್ತದೆ.

ರಜೆ ಬಂದರೆ ಗಡುವು ಎತ್ತ ಸರಿಯುತ್ತದೆ?

ಹುಂಡಿ ಅಥವಾ ಪ್ರಾಮಿಸರಿ ನೋಟಿನ ಗಡುವು ರಜಾದಿನದಂದು ಬಿದ್ದರೆ ಮರುದಿನ ಕೊಟ್ಟರಾಯಿತೆಂಬ ಭಾವನೆ ಪೇಟೆಯಲ್ಲಿದೆ. 1881ರ ವರ್ಗಾವಣೀಯ ಪತ್ರಗಳ ಕಾಯ್ದೆಯ 25ನೇ ಕಲಮು ಹೇಳುವುದು ಇದಕ್ಕೆ ವಿರುದ್ಧ. ಗಡುವು ಹಿಂದಿನ ಕೆಲಸದ ದಿನಕ್ಕೆ ಸರಿಯುತ್ತದೆ. ಸರ್ಕಾರಿ ಕಚೇರಿಯಲ್ಲಿ ಮಾಡಬೇಕಾದ ಕಾರ್ಯಕ್ಕೆ ಅನ್ವಯವಾಗುವ 1897ರ ಸಾಮಾನ್ಯ ವಾಕ್ಯಖಂಡಗಳ ಕಾಯ್ದೆಯ 10ನೇ ಕಲಮಿನಂತೆ ಮಾತ್ರ ಕಚೇರಿ ತೆರೆಯುವ ಮುಂದಿನ ದಿನದವರೆಗೆ ಅವಕಾಶವಿದೆ. ಆದ್ದರಿಂದ ದಸರೆಯಂದು ಗಡುವಿರುವ ನೋಟಿಗೆ ಹಬ್ಬದ ಮುನ್ನವೇ ಹಣ ಬೇಕು.

ಬ್ಯಾಂಕಿನ ಸಾಲದ ಕಂತಿಗೆ ಹಬ್ಬದ ನೆಪ ಈಗ ಉಳಿದಿಲ್ಲ. 2021ರ ಆಗಸ್ಟ್ 1ರಿಂದ ಕಂತು ವಸೂಲಿಯ ಎನ್‌ಎಸಿಎಚ್ ವ್ಯವಸ್ಥೆಯು ಭಾನುವಾರ, ಹಬ್ಬದ ದಿನಗಳಲ್ಲಿಯೂ ನಡೆಯುತ್ತಿದೆ. ಅಮಾವಾಸ್ಯೆಯೆಂದು ಅಂಗಡಿ ಮುಚ್ಚಿ, ಹಿಂದಿನ ಸಂಜೆಯ ಗಲ್ಲಾದ ಹಣವನ್ನು ಮರುದಿನ ಕಟ್ಟೋಣವೆಂದು ಇಟ್ಟುಕೊಂಡವರ ಖಾತೆಯಲ್ಲಿ ಅಂದು ಬೆಳಿಗ್ಗೆಯೇ ಕಂತು ಖರ್ಚು ಬೀಳುತ್ತದೆ. ಶಿಲ್ಕು ಸಾಲದಿದ್ದರೆ ದಂಡವೂ ಅದೇ ದಿನ ಬೀಳಬಹುದು.