ಎಸೆತದ ಕಲಿಕೆ

ಎಸೆಯುವುದನ್ನೂ ಕಲಿಸಬೇಕೆ ಎಂದು ಕೇಳುವವರಿದ್ದಾರೆ. ಮಾವಿನ ಮರಕ್ಕೆ ಕಲ್ಲು ಬೀರದ ಮಗು ನಮ್ಮಲ್ಲಿ ಎಲ್ಲಿದೆ ಎಂಬುದು ಅವರ ವಾದ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಶಾಲಾ ಮೈದಾನಗಳಲ್ಲಿ ದೈಹಿಕ ಶಿಕ್ಷಕನಾಗಿ ಬಿಸಿಲಿಗೆ ನಿಂತ ನಾನೂ ಮೊದಮೊದಲು ಹಾಗೆಯೇ ಎಣಿಸಿದ್ದೆ.

ನಾನು ಕಲಿಸಬೇಕಾಗಿದ್ದುದು ಸಾಫ್ಟ್‌ಬಾಲ್. ಹೆಸರು ಮೆತ್ತಗಿನದು, ಚೆಂಡು ಹಾಗಲ್ಲ. 1887ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಈ ಆಟ ಸೂರಿನಡಿಯಲ್ಲಿ ಹುಟ್ಟಿದಾಗ, ದಾರದಿಂದ ಬಿಗಿದು ಕಟ್ಟಿದ ಮುಷ್ಟಿಯುದ್ಧದ ಕೈಗವಸೇ ಚೆಂಡಾಗಿತ್ತಂತೆ. ಈಗಿನದು 12 ಅಂಗುಲ ಸುತ್ತಳತೆಯ, ಹೆಚ್ಚುಕಡಿಮೆ 180ರಿಂದ 200 ಗ್ರಾಂ ತೂಕದ ಗಟ್ಟಿ ಚೆಂಡು. ಕ್ರಿಕೆಟ್ ಚೆಂಡಿನ ಸುತ್ತಳತೆ 9 ಅಂಗುಲ. ದಾಂಡಿಗರಿಗೆ ಚೆಂಡು ಹಾಕುವವರು ಕೈಯನ್ನು ಕೆಳಗಿನಿಂದ ಬೀಸುತ್ತಾರೆ. ಆ ವಿದ್ಯೆ ಬೇರೆ. ಮೈದಾನದಲ್ಲಿ ಚೆಂಡನ್ನು ಹಿಡಿದವರು ಭುಜದ ಮೇಲಿನಿಂದ ಎಸೆಯುವ ಎಸೆತವನ್ನು ಕುರಿತಷ್ಟೇ ಇಲ್ಲಿ ಹೇಳುತ್ತೇನೆ.

ಮಕ್ಕಳ ಕೈ ಏನನ್ನೂ ಕಲಿಯದೆ ಶಾಲೆಗೆ ಬರುವುದಿಲ್ಲ. ಹೊನ್ನಾಳಿಯ ಹುಡುಗರು ತುಂಗಭದ್ರೆಯ ನೀರಿನ ಮೇಲೆ ಚಪ್ಪಟೆ ಕಲ್ಲುಗಳನ್ನು ಕುಪ್ಪಳಿಸಿ ಬೆಳೆದವರು. ಅವರ ಮೊಣಕೈ ತಾನಾಗಿ ಸೊಂಟದ ಬಳಿಗೆ ಇಳಿಯುತ್ತಿತ್ತು. ಜಗಳೂರಿನ ಕಡೆ, ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸಿದವರು ತೋಳನ್ನು ಒಂದು ಸುತ್ತು ತಿರುಗಿಸದೆ ಚೆಂಡನ್ನು ಬಿಡಲೊಲ್ಲರು.

ನ್ಯಾಮತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಓಟದಲ್ಲಿ ಚುರುಕು, ಹಿಡಿತದಲ್ಲಿ ತಪ್ಪಿಲ್ಲ. ಎಸೆದರೆ ಮಾತ್ರ ಚೆಂಡು ಐದಾರು ಮಾರು ಹೋಗಿ ಕುಸಿಯುತ್ತಿತ್ತು. ಎದೆಯನ್ನು ಗುರಿಗೆ ಎದುರಾಗಿಸಿ, ಬಲಗಾಲನ್ನೇ ಮುಂದಿಟ್ಟು, ಬರಿಯ ಮೊಣಕೈಯಿಂದ ತಳ್ಳುವಳು. ಹುಡುಗರು ಅದಕ್ಕೆ 'ಹೆಣ್ಣೆಸೆತ' ಎಂದು ಹೆಸರಿಟ್ಟು ನಕ್ಕರು. ನಾನೋ, "ಜೋರಾಗಿ ಎಸೆಯಮ್ಮ" ಎಂದು ತಿಂಗಳುಗಟ್ಟಲೆ ಕೂಗಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಒಂದು ಸಂಜೆ ಅವಳೇ ಕೇಳಿದಳು: "ಜೋರು ಎಲ್ಲಿಂದ ಬರ್ತದೆ ಸಾರ್?"

ಜೋರು ಬರುವುದು ತೋಳಿನಿಂದಲ್ಲ, ನೆಲದಿಂದ. ಬಲಗೈಯವರಾದರೆ ಎಡಭುಜ ಗುರಿಯತ್ತ ತಿರುಗಿರಬೇಕು. ಮೈಭಾರ ಬಲಗಾಲಿನ ಮೇಲಿರಬೇಕು. ಎಡಗಾಲನ್ನು ಗುರಿಯತ್ತ ಚಾಚಿ ಊರಿದೊಡನೆ ಮೊದಲು ಸೊಂಟ ತಿರುಗುತ್ತದೆ, ಅದರ ಹಿಂದೆ ಭುಜ, ಆಮೇಲೆ ಮೊಣಕೈ, ಕಟ್ಟಕಡೆಗೆ ಮಣಿಕಟ್ಟು. ಬಾರುಕೋಲನ್ನು ನೆನೆಯಿರಿ: ಹಿಡಿ ನಿಧಾನವಾಗಿ ಹೊರಳಿದರೂ ಬಾರಿನ ತುದಿ ಚಟೀರೆನ್ನುತ್ತದೆ. ಮೊಣಕೈ ಭುಜದ ಮಟ್ಟಕ್ಕಿಂತ ಕೆಳಗಿಳಿಯಬಾರದು. ಚೆಂಡು ಕೈಬಿಟ್ಟ ಮೇಲೂ ತೋಳು ಎದುರು ತೊಡೆಯವರೆಗೆ ಹರಿದು ಬರಬೇಕು. ನಡುವೆ ತಡೆದರೆ ಆ ಏಟೆಲ್ಲ ಭುಜದ ಕೀಲಿಗೆ. ಚೆಂಡನ್ನು ಅಂಗೈಗೆ ಒತ್ತದೆ, ಹೊಲಿಗೆಗೆ ಅಡ್ಡಲಾಗಿ ಬೆರಳುಗಳಲ್ಲಿ ಹಿಡಿಯಬೇಕು. ದೊಡ್ಡ ಕೈಗೆ ಎರಡು ಬೆರಳು ಸಾಕು, ಸಣ್ಣ ಕೈಗೆ ಮೂರೋ ನಾಲ್ಕೋ ಬೇಕು. ಅವಳ ಕೈಗೆ ಆ ಚೆಂಡೇ ದೊಡ್ಡದಾಗಿತ್ತು, ಅದಕ್ಕೇ ತಳ್ಳುತ್ತಿದ್ದಳು. ಸಣ್ಣ ರಬ್ಬರ್ ಚೆಂಡು ಕೊಟ್ಟು, ಹತ್ತಡಿಯಿಂದ ಮೊದಲು ಮಾಡಿಸಿದೆ.

ನಗುತ್ತಿದ್ದ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಎಡಗೈಯಿಂದ ಎಸೆಯಿರೆಂದೆ. ಒಬ್ಬೊಬ್ಬನದೂ ಅದೇ 'ಹೆಣ್ಣೆಸೆತ'! ಅದೇ ತಪ್ಪು ಕಾಲು, ಅದೇ ತಳ್ಳಾಟ. ಕಲಿಯದ ಕೈ ಯಾರದಾದರೂ ಹಾಗೆಯೇ ಎಸೆಯುತ್ತದೆ. ನಗೆ ಅಂದಿಗೆ ನಿಂತಿತು.

ಹೊಸ ಹುಮ್ಮಸ್ಸಿನಲ್ಲಿ ದಿನಕ್ಕೆ ನೂರು ಸಲ ಎಸೆಯಲು ಹೊರಟವಳನ್ನು ತಡೆಯುವುದೇ ಆಮೇಲೆ ನನ್ನ ಕೆಲಸವಾಯಿತು. ಬೆಳೆಯುವ ವಯಸ್ಸಿನ ಎಲುಬಿನ ತುದಿ ಇನ್ನೂ ಎಳೆಯದು. ಮಿತಿಮೀರಿದ ಎಸೆತ ಮೊಣಕೈಗೂ ಭುಜಕ್ಕೂ ಕೇಡು. ನೋವೆಂದರೆ ಅಂದಿಗೆ ಮುಗಿಯಿತು, ಕೆಚ್ಚಿನ ಮಾತು ಬೇಡ.

ಮುಂದಿನ ವರ್ಷ ಚನ್ನಗಿರಿಯ ಪಂದ್ಯವೊಂದರಲ್ಲಿ ಅವಳು ಮೂರನೆಯ ಬೇಸಿನಲ್ಲಿ ನಿಂತಿದ್ದಳು. ಅಲ್ಲಿಂದ ಮೊದಲ ಬೇಸಿಗೆ ಓರೆಯಾಗಿ ಸುಮಾರು 85 ಅಡಿ. ನೆಲದಲ್ಲಿ ಉರುಳಿಬಂದ ಚೆಂಡನ್ನೆತ್ತಿ, ಎಡಗಾಲು ಊರಿ ಎಸೆದಳು. ಓಡುತ್ತಿದ್ದ ಹುಡುಗಿ ಇನ್ನೂ ಎರಡು ಹೆಜ್ಜೆ ಹಿಂದಿದ್ದಳು. ಮೊದಲ ಬೇಸಿನವಳು ಕೈಗವಸು ಕಳಚಿ ಅಂಗೈ ಉಜ್ಜಿಕೊಳ್ಳುತ್ತಿದ್ದಳು.